ಟೇಪ್ ಟೆಸ್ಟ್ ನೆಗೆಟಿವ್ ಅಂತ ಸಹಿ ಹಾಕಿದ್ದು ನಾನೇ

ದಸರಾ ರಜೆಗೆ ಎರಡು ದಿನ ಮುಂಚೆ ನಮ್ಮ ಲ್ಯಾಬಿಗೆ ಹೊಸ ಬ್ಯಾಚ್ ಇಲಿಗಳು ಬಂದವು. ಜಂಬೂಸವಾರಿ ಹೊತ್ತಲ್ಲಿ ಮೈಸೂರಿನಲ್ಲಿ ಅಟೆಂಡರ್ ಸಿಗುವುದೇ ಕಷ್ಟ. ಕ್ವಾರಂಟೈನ್ ರೂಮಲ್ಲಿ ಕೇಜ್ ಬದಲಿಸೋರೇ ಇಲ್ಲ. ಕರುಳಿನ ಹುಳ ಇದೆಯಾ ಅಂತ ಗುದದ ಸುತ್ತ ಟೇಪ್ ಅಂಟಿಸಿ ನೋಡೋ ಟೇಪ್ ಟೆಸ್ಟ್ ಮಾಡಿದೆ, ಹುಳದ ಒಂದು ಮೊಟ್ಟೆಯೂ ಕಾಣಲಿಲ್ಲ. ಸಹಿ ಹಾಕಿ ಒಳಗೆ ಬಿಟ್ಟೆ.

ವಿಕಿರಣದಿಂದ ರಕ್ತದ ಕ್ಯಾನ್ಸರ್ ಹೇಗೆ ಬರುತ್ತೆ ಅನ್ನೋದು ನಮ್ಮ ಪ್ರಯೋಗ. ಸಿಬಿಎ ತಳಿಯ ಇಲಿಗಳಿಗೆ 3 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ) ಎಕ್ಸ್‌ರೇ ಕೊಟ್ಟರೆ ಸುಮಾರು ಐದರಲ್ಲಿ ಒಂದಕ್ಕೆ ಮೈಲಾಯ್ಡ್ ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಬರುತ್ತದೆ. ಅದೂ ವರ್ಷದ ಮೇಲೆ ಕಾಯಬೇಕು. ನವೆಂಬರ್‌ನಲ್ಲಿ ಅರ್ಧಕ್ಕೆ ಎಕ್ಸ್‌ರೇ ಕೊಟ್ಟೆವು, ಅರ್ಧ ಕಂಟ್ರೋಲ್, ಹೋಲಿಕೆಗೆ ಹಾಗೇ ಬಿಟ್ಟಿದ್ದು.

ಸೋಂಕು ಹುಡುಕೋಕೆ ಅಂತಲೇ ಇಟ್ಟ ಕಾವಲು ಇಲಿಗಳ ಪರೀಕ್ಷೆ, ಅಂದರೆ ಸೆಂಟಿನೆಲ್ ಪರೀಕ್ಷೆ, ಆರು ತಿಂಗಳಿಗೊಮ್ಮೆ ಸಾಕು ಅಂದಿದ್ದರು ಮೇಲಿನವರು, ದುಡ್ಡಿಲ್ಲ ಅಂತ. ಏಪ್ರಿಲ್‌ನಲ್ಲಿ ಅಂಥ ಒಂದು ಇಲಿಯ ದೊಡ್ಡ ಕರುಳು ಸೀಳಿ, ಸಲೈನ್ ಹಾಕಿದ ಪೆಟ್ರಿ ಡಿಶ್‌ನಲ್ಲಿ ಬಿಡಿಸಿದೆ. ಹತ್ತಿ ಎಳೆ ಬಿದ್ದಿದೆ ಅಂದುಕೊಂಡೆ. ಚಿಮಟದಿಂದ ಮುಟ್ಟುವ ಮೊದಲೇ ಎಳೆ ಬಾಗಿತು. ಪಕ್ಕದಲ್ಲಿ ಇನ್ನೊಂದು. ಹದಿನಾಲ್ಕಕ್ಕೆ ಎಣಿಸೋದು ನಿಲ್ಲಿಸಿದೆ. ಕೈ ತಣ್ಣಗಾಗಿತ್ತು.

ಆಸ್ಪಿಕ್ಯುಲುರಿಸ್, ಇಲಿಯ ಕರುಳಿನ ಹುಳ. ಇದರ ಮೊಟ್ಟೆ ಹಿಕ್ಕೆಯ ಜೊತೆ ಹೊರಗೆ ಬರುತ್ತದೆ. ಗುದದ ಸುತ್ತ ಟೇಪ್ ಅಂಟಿಸಿದರೆ ಸಿಗುವುದು ಸೈಫೇಶಿಯಾ ಅನ್ನೋ ಇನ್ನೊಂದು ಹುಳದ ಮೊಟ್ಟೆ ಮಾತ್ರ. ಹಿಕ್ಕೆಯ ಫ್ಲೋಟೇಶನ್ ಮಾಡಬೇಕಿತ್ತು. ಹಿಕ್ಕೆ ಕಲಸಿ ಮೊಟ್ಟೆ ತೇಲಿಸಿ ನೋಡೋ ಉಪ್ಪುನೀರಿನ ಕೆಲಸ ಅದು, ಅರ್ಧ ಗಂಟೆ ಸಾಕು. ನನಗೆ ಗೊತ್ತಿತ್ತು.

ಮೇಡಂ ಬಂದು ನೋಡಿದರು, ಮಾತಾಡಲಿಲ್ಲ. ನಾನೇ ಅಂದೆ, "ಎರಡೂ ಗುಂಪಲ್ಲೂ ಹುಳ ಇದ್ದರೆ ಹೋಲಿಕೆ ಸರಿಹೋಗುತ್ತೆ ಅಲ್ವಾ ಮೇಡಂ?"

"ಇಲ್ಲ ಕಣ್ರೀ. ಎಕ್ಸ್‌ರೇ ಬಿದ್ದ ಇಲಿಗೆ ತಡೆಯೋ ಶಕ್ತಿನೇ ಕುಗ್ಗಿರುತ್ತೆ. ಹುಳ ಅಲ್ಲೇ ಜಾಸ್ತಿ ಆಗಬಹುದು."

ಇದು ನನಗೆ ಹೊಳೆದೇ ಇರಲಿಲ್ಲ. ಎಕ್ಸ್‌ರೇ ಎರಡನೇ ಕ್ರೋಮೋಸೋಮಿನ ಒಂದು ತುಂಡನ್ನು ಕಳೆಯುತ್ತದೆ, ರಕ್ತಕಣ ಸರಿಯಾಗಿ ಬೆಳೆಯೋಕೆ ಬೇಕಾದ ಪಿಯು.1 ಜೀನ್ ಇರುವ ಜಾಗವನ್ನೇ. ಆದರೆ ಅಲ್ಲಿಂದ ಲ್ಯುಕೇಮಿಯಾ ಆಗೋವರೆಗೆ ತಿಂಗಳುಗಟ್ಟಲೆ ಸಮಯ ಇದೆ. ಆಗ ಮೈಯೊಳಗೆ ಏನು ನಡೆಯುತ್ತಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು 1968ರಲ್ಲೇ ಸೂಕ್ಷ್ಮಜೀವಿಗಳ ಪರಿಸರ ಈ ಲ್ಯುಕೇಮಿಯಾದ ಮೇಲೆ ಏನು ಮಾಡುತ್ತೆ ಅಂತ ನೋಡಿದ್ದರು. ಹುಳವೂ ಇಮ್ಯೂನ್ ವ್ಯವಸ್ಥೆಯನ್ನು ಒಂದು ಕಡೆಗೆ ವಾಲಿಸುತ್ತದೆ. ಇನ್ನು ಬರುವ ಲ್ಯುಕೇಮಿಯಾ ಎಕ್ಸ್‌ರೇಯದ್ದೋ, ಹುಳವೂ ಕೈಜೋಡಿಸಿದ್ದೋ, ಹೇಗೆ ಬೇರ್ಪಡಿಸೋದು? ಹುಳದ ಮದ್ದು ಫೆನ್‌ಬೆಂಡಜೋಲ್ ಬೆರೆಸಿದ ಮೇವು ಕೊಟ್ಟರೆ ಆ ಮದ್ದಿನದ್ದೇ ಇನ್ನೊಂದು ಲೆಕ್ಕ ಸೇರುತ್ತದೆ.

ಶನಿವಾರ ಎರಡೂ ಗುಂಪಿನ ಇಲಿಗಳನ್ನು ಮುಗಿಸಿದೆವು. ಆರು ತಿಂಗಳು ಮೇವು ನೀರು ಹಾಕಿದ್ದು ನಾನು. ಬೆಡ್ಡಿಂಗ್ ಎಲ್ಲ ಆಟೋಕ್ಲೇವ್‌ಗೆ ಹೋಯಿತು. ಕೇಜ್ ಕಾರ್ಡ್‌ಗಳನ್ನು ಮಾತ್ರ ಎಸೆದಿಲ್ಲ. ಎಲ್ಲದರ ಕೆಳಗೂ ನನ್ನದೇ ಸಹಿ ಇದೆ.