ತೇಲಿ ಹೋದ ಬೋಗುಣಿ

ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಒಂದು ಹಳೇ ಉಪ್ಪಿನಕಾಯಿ ಭರಣಿ ಇದೆ. ಅದರಲ್ಲಿದ್ದ ಮಾವಿನ ಮಿಡಿ ಮುಗಿದು ಮೂರು ವರ್ಷವಾಯಿತು. ಈಗ ಒಳಗಿರುವುದು ಮಡಚಿದ ಚೀಟಿಗಳು. ಎಷ್ಟು ತೊಳೆದರೂ ಭರಣಿಯ ವಾಸನೆ ಹೋಗಿಲ್ಲ, ಹಾಗಾಗಿ ನಮ್ಮ ತಿಂಗಳ ತಿರುಗಾಟದ ಪ್ರತಿ ಚೀಟಿಗೂ ಇಂಗು ಸಾಸಿವೆಯ ಪರಿಮಳ.

ನಾವು ಮೂರು ಜೋಡಿ. ನನ್ನ ಹೆಂಡತಿ ಮಲ್ಪೆ ಕಡೆಯವಳು. ನಾನು ದಾವಣಗೆರೆಯವನು, ಇಲ್ಲಿಯವರ ಲೆಕ್ಕದಲ್ಲಿ 'ಘಟ್ಟದ ಮೇಲಿನವ'. ಉಳಿದಿಬ್ಬರು ಹೆಂಗಸರು ಅವಳ ಕಾಲೇಜಿನ ಗೆಳತಿಯರು. ಅವರಿಗೂ ಅವರ ಗಂಡಂದಿರಿಗೂ ನಾನು 'ಭಾವ'. ಆ ಗಂಡಂದಿರಲ್ಲಿ ಒಬ್ಬರು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಇನ್ನೊಬ್ಬರು ಬ್ಯಾಂಕಿನವರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿ ಬೋರ್ಡು ಬದಲಾಗಿ ಹೋದರೂ ಈ ಮನುಷ್ಯ ಇವತ್ತಿಗೂ 'ನಮ್ಮ ಸಿಂಡಿಕೇಟ್' ಅಂತಲೇ ಹೇಳುವುದು. ಚೀಟಿಯ ನಿಯಮಗಳನ್ನು ನೀಟಾಗಿ ಟೈಪ್ ಮಾಡಿ ಲ್ಯಾಮಿನೇಟ್ ಮಾಡಿಸಿ ಮೂರೂ ಮನೆಗೆ ಹಂಚಿದವರೂ ಅವರೇ.

ಮೊದಮೊದಲು ನಿಯಮ ಗಿಯಮ ಏನೂ ಇರಲಿಲ್ಲ, ಬರೀ ಸುತ್ತಾಟ. ಕಾಪುವಿಗೆ ಹೋದೆವು. 1901ರ ಲೈಟ್‌ಹೌಸು, ಸಂಜೆ ಹೊತ್ತು ಮೇಲೆ ಬಿಡುತ್ತಾರೆ. ಹತ್ತಿದೆವು, 'ಅಬ್ಬಾ' ಅಂದೆವು, ಇಳಿದೆವು, ಮರಳಲ್ಲಿ ಕೂತು ಚುರುಮುರಿ ತಿಂದೆವು. (ಇಲ್ಲಿಯ ಚುರುಮುರಿಯ ಬಗ್ಗೆ ದಾವಣಗೆರೆಯವನ ಅಭಿಪ್ರಾಯ ಕೇಳಬೇಡಿ. ನನಗೂ ಸಂಸಾರ ನಡೆಯಬೇಕು.) ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗಲೂ ಅದೇ ಕತೆ. ಮಡಗಾಸ್ಕರ್ ಭಾರತದಿಂದ ಬಿಟ್ಟುಹೋದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲುಕಂಬಗಳು ಅವು ಎಂದು ಮೇಷ್ಟ್ರು ಬೋಟಿನಲ್ಲಿ ನಿಂತು ಪಾಠ ಮಾಡುತ್ತಿದ್ದರೆ ಬ್ಯಾಂಕಿನವರು ಬೋಟಿನ ಅಂಚಿಗೆ ಬಗ್ಗಿ ಬೆಳಗಿನ ಇಡ್ಲಿಯನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದರು. ಮನೆಗೆ ಬಂದು ಫೋಟೋ ನೋಡುವಾಗ ನನ್ನವಳು ಅಂದಳು, "ನೋಡಿ ಆಯ್ತು. ಇನ್ನೆಂತ? ನಾವು ಮಾಡಿದ್ದು ಎಂತ?"

ಅಲ್ಲಿಂದ ನಿಯಮ ಬಂತು. ಮನೆಯಿಂದ 30 ಕಿ.ಮೀ. ಒಳಗೆ. ರೆಸಾರ್ಟು ಇಲ್ಲ. ಹೋದಲ್ಲಿ ನೋಡಿ ಬಂದರೆ ಸಾಲದು, ಕೈಯಾರೆ ಏನಾದರೂ ಮಾಡಬೇಕು. ಮಂಗಳೂರಿಗೆ ಮಾತ್ರ ದೂರದಲ್ಲಿ ರಿಯಾಯಿತಿ, ಯಾಕೆಂದರೆ ಮೇಷ್ಟ್ರ ಹೆಂಡತಿಯ ತವರು ಅದು. ಒಮ್ಮೆ ಚಿತ್ರ ಬರೆಯುವ ಚೀಟಿ ಬಂದು ಸೇಂಟ್ ಅಲೋಶಿಯಸ್ ಚಾಪೆಲ್ಲಿಗೆ ಹೋದೆವು. ಇಟಲಿಯಿಂದ ಬಂದ ಚಿತ್ರಕಾರ ಮೊಸ್ಕೆನಿ ಗೋಡೆ, ಮಾಡು ಒಂದನ್ನೂ ಬಿಡದೆ ಬಣ್ಣ ತುಂಬಿಸಿದ್ದನ್ನು ಕತ್ತು ನೋಯುವ ತನಕ ನೋಡಿ, ಹೊರಗೆ ಮರದಡಿ ಕೂತು ನೆನಪಿನಿಂದ ಬರೆದೆವು. ನಾನು ಬರೆದ ದೇವದೂತ ಯಕ್ಷಗಾನದ ಬಣ್ಣದ ವೇಷದ ಹಾಗೆ ಬಂದ. ತುಳುವರ ಮಳೆಗಾಲದ ಆಟಿ ತಿಂಗಳಲ್ಲೊಮ್ಮೆ ಕೆಸರುಗದ್ದೆಯಲ್ಲಿ ಹಗ್ಗ ಜಗ್ಗಾಟಕ್ಕೆ ಇಳಿದದ್ದೂ ಇದೆ. ಅದರ ವಿವರ ಬೇಡ, ನನ್ನ ಸೊಂಟ ಇನ್ನೂ ನೆನೆಸಿಕೊಳ್ಳುತ್ತದೆ.

ಹೋದ ಫೆಬ್ರವರಿಗೆ ಬಂದದ್ದು ನನ್ನವಳೇ ಬರೆದು ಹಾಕಿದ್ದ ಚೀಟಿ. ಒಂದೇ ಪದ, 'ಮರುವಾಯಿ'.

ಮರುವಾಯಿ ಅಂದರೆ ಅಳಿವೆಯ ಮರಳು-ಕೆಸರಿನಲ್ಲಿ ಹುದುಗಿರುವ ಚಿಪ್ಪುಮೀನು. ಮದುವೆಯಾದ ಹೊಸತರಲ್ಲಿ ಅತ್ತೆ ಬಡಿಸಿದಾಗ ತಟ್ಟೆಯಲ್ಲಿ ಚಿಪ್ಪು ಕಂಡು, 'ಇದನ್ನು ಅಗಿಯುವುದೋ ನುಂಗುವುದೋ' ಎಂದು ಸುತ್ತ ನೋಡಿದವ ನಾನು. ಈಗ ಚಿಪ್ಪು ಚೀಪಿ ಲೆಕ್ಕ ಇಡುವಷ್ಟು ಮುಂದುವರಿದಿದ್ದೇನೆ. ಆದರೆ ಅದನ್ನು ಹೆಕ್ಕುವುದು ಹೇಗೆಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳ ದೊಡ್ಡಮ್ಮನಿಗೆ.

ಬ್ಯಾಂಕಿನವರು ನಿಯಮದ ಪ್ರಕಾರ ಎರಡನೇ ಭಾನುವಾರ, ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಡುವುದೆಂದು ಹೇಳಿದಾಗ ದೊಡ್ಡಮ್ಮ ನಕ್ಕರು. "ಹೊಳೆಗೆ ಎಂತ ಬ್ಯಾಂಕ್ ರಜೆ ಉಂಟಾ ಮಗಾ?" ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕನ್ನೂ ವಾರವನ್ನೂ ಬಿಟ್ಟು ಮೂಲೆಯ ಸಣ್ಣಕ್ಷರದ ತಿಥಿಯನ್ನು ಮಾತ್ರ ಬೆರಳಿಟ್ಟು ನೋಡಿದರು. ಅಮಾವಾಸ್ಯೆ ಕಳೆದು ತದಿಗೆಯ ಭಾನುವಾರ ಸಿಗುತ್ತದೆ, ಅವತ್ತು ಬೆಳಿಗ್ಗೆ ಏಳರ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತದೆ, ಆರಕ್ಕೆ ಇಳಿದು ಎಂಟರೊಳಗೆ ಮೇಲೆ ಬಂದುಬಿಡಿ ಎಂದರು. ಮೇಷ್ಟ್ರಿಗೆ ಬಾಯಿ ಸುಮ್ಮನಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಸೂರ್ಯ ಚಂದ್ರ ಎರಡೂ ಒಂದೇ ಗೆರೆಯಲ್ಲಿ ಸೆಳೆಯುವುದರಿಂದ ಏರಿಳಿತ ಜೋರು, ಚಂದ್ರ ದಿನಾ ತಡವಾಗಿ ಬರುವುದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಎಂದು ವಿವರಿಸಿ, ಮೊಬೈಲಿನಲ್ಲಿ ತಾಳೆ ನೋಡಿದರು. ಹತ್ತು ನಿಮಿಷದ ವ್ಯತ್ಯಾಸ. "ಮೊಬೈಲಿನದ್ದು ತಪ್ಪಿರಬೇಕು" ಎಂದರು ದೊಡ್ಡಮ್ಮ.

ಹೀಗೆ ಚಳಿಯಲ್ಲಿ ನಾಲ್ಕೂವರೆಗೆ ಎದ್ದು, ಆರಕ್ಕೆ ಕೋಡಿ ಬೆಂಗ್ರೆಯಲ್ಲಿದ್ದೆವು. ಮಲ್ಪೆಯಿಂದ ಹೂಡೆ ದಾಟಿ ಹೋದರೆ ರಸ್ತೆ ತೆಳ್ಳಗಾಗುತ್ತಾ ಹೋಗುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಒಂದು ಸಾಲು ಮನೆ, ತೆಂಗು, ಒಣಹಾಕಿದ ಬಲೆ. ಕೊನೆಗೆ ಸ್ವರ್ಣಾ, ಸೀತಾ ಎರಡೂ ಹೊಳೆ ಕೂಡಿ ಕಡಲಿಗೆ ಬೀಳುವಲ್ಲಿ ರಸ್ತೆಯೂ ಮುಗಿಯುತ್ತದೆ. ಸರಿಯಾಗಿ ಬೆಳಕು ಹರಿದಿರಲಿಲ್ಲ. ಆಗಲೇ ಏಳೆಂಟು ಹೆಂಗಸರು ನೈಟಿಯ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಗೆ ಬೈರಾಸು ಸುತ್ತಿ ಹೊಳೆಯ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ದೂರದಿಂದ ನೋಡಿದರೆ ನೀರಿನ ಮೇಲೆ ಬರೀ ತಲೆಗಳು, ಪಕ್ಕಕ್ಕೊಂದು ತೇಲುವ ಅಲ್ಯುಮಿನಿಯಂ ಬೋಗುಣಿ. ಬೋಗುಣಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಸೊಂಟಕ್ಕೆ. ಎರಡೂ ಕೈ ನೀರಿನಡಿ ಕೆಲಸದಲ್ಲಿರುವಾಗ ಪಾತ್ರೆ ಹಿಡಿಯುವವರು ಯಾರು?

ನಮಗೂ ಒಂದೊಂದು ಬೋಗುಣಿ. ನನ್ನವಳು ಹಗ್ಗ ಕಟ್ಟಿಕೊಡಲು ಬಂದಳು. "ನಾನೇ ಕಟ್ಟಿಕೊಳ್ತೀನಿ, ದಾವಣಗೆರೆಯಲ್ಲಿ ಎತ್ತು ಕಟ್ಟಿದ ಮನೆತನ ನಮ್ಮದು" ಎಂದೆ. ಎತ್ತು ಕಟ್ಟುತ್ತಿದ್ದದ್ದು ನಮ್ಮಜ್ಜ. ನಾನು ಕಟ್ಟಿದ್ದು ಹೆಚ್ಚೆಂದರೆ ಶೂ ಲೇಸು.

ನೀರು ಮಂಡಿಯುದ್ದ. ತಳದಲ್ಲಿ ಮೊದಲು ಗಟ್ಟಿ ಮರಳು, ಆಮೇಲೆ ಮರಳು ಬೆರೆತ ಕೆಸರು, ಕಾಲ್ಬೆರಳ ಸಂದಿಗಳಿಂದ ತಣ್ಣಗೆ ಮೇಲೇರುತ್ತದೆ. ಮೊದಲ ಹತ್ತು ನಿಮಿಷ ನನಗೆ ಸಿಕ್ಕಿದ್ದು ಕಲ್ಲು ಮತ್ತು ಒಂದು ಬಾಟಲಿಯ ಮುಚ್ಚಳ. ಆಮೇಲೆ ಪಾದಕ್ಕೆ ಬುದ್ಧಿ ಬಂತು. ಕಲ್ಲಾದರೆ ಒರಟು. ಒಡೆದ ಚಿಪ್ಪಾದರೆ ಕೊಯ್ಯುತ್ತದೆ. ಮರುವಾಯಿ ಮಾತ್ರ ಹುಣಿಸೆಬೀಜ ಊದಿ ದೊಡ್ಡದಾದ ಹಾಗೆ ನುಣುಪು, ಕಾಲು ಒತ್ತಿದರೆ ಜಾರಿ ಪಕ್ಕಕ್ಕೆ ಕೂರುತ್ತದೆ. ಅಲ್ಲೇ ಬಗ್ಗಿ ಕೈ ಹಾಕಿ ಒಂದು ಬೊಗಸೆ ಕೆಸರು ಎತ್ತಿ ನೀರಲ್ಲೇ ಜಾಲಿಸಿದರೆ ಅಂಗೈಯಲ್ಲಿ ಒಂದೋ ಎರಡೋ ಉಳಿಯುತ್ತದೆ. ಒಂದಿದ್ದಲ್ಲಿ ನಾಲ್ಕಿರುತ್ತವೆ. 'ಒಂಜಿ, ರಡ್ಡ್, ಮೂಜಿ' ಎಂದು ಜೋರಾಗಿ ಎಣಿಸುತ್ತಾ ಹೋದೆ. ನನ್ನ ತುಳು 'ಪತ್ತ್' ತನಕ ಮಾತ್ರ, ಹತ್ತಾದ ಮೇಲೆ ಮತ್ತೆ ಒಂಜಿಯಿಂದ ಶುರು. ಪಕ್ಕದ ಹೆಂಗಸರಿಗೆ ಅದೊಂದು ತಮಾಷೆಯಾಗಿ, ನಾನು ಹತ್ತು ಮುಟ್ಟಿದಾಗಲೆಲ್ಲ ಅವರೇ ಒಂಜಿ ಎನ್ನತೊಡಗಿದರು.

ಮೇಷ್ಟ್ರು ದಂಪತಿ ಮೀನು ತಿನ್ನುವವರಲ್ಲ. ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದು ಬಂದಿದ್ದರು. ಬೆಳ್ಳಕ್ಕಿ ಒಂದೆರಡು, ಮೇಲೆ ಒಂದು ಗರುಡ, ಅಷ್ಟಕ್ಕೇ ಮುಗಿಯಿತು. ಮೇಷ್ಟ್ರು ಪಂಚೆ ಮೇಲೆ ಕಟ್ಟಿ ನೀರಿಗಿಳಿದವರು ಮತ್ತೆ ತಲೆ ಎತ್ತಲಿಲ್ಲ. ತಾವು ತಿನ್ನದ್ದನ್ನು ಆ ಮನುಷ್ಯ ಹೆಕ್ಕಿದ ಶ್ರದ್ಧೆ ನೋಡಬೇಕಿತ್ತು. ಒಂದೇ ಅಳತೆಯವನ್ನು ಸಾಲಾಗಿ ಇಟ್ಟುಕೊಳ್ಳುತ್ತಿದ್ದರು. ಬ್ಯಾಂಕಿನವರು ದಡದಲ್ಲಿ ನಿಂತು ಹೊತ್ತು ನೋಡುವ ಜವಾಬ್ದಾರಿ ವಹಿಸಿಕೊಂಡರು.

ನಾನು ಏಳನೇ ಹತ್ತಿನಲ್ಲಿದ್ದೆ. ಕೈಯಲ್ಲಿದ್ದದ್ದನ್ನು ಬೋಗುಣಿಗೆ ಹಾಕಲು ಹಿಂದಕ್ಕೆ ಚಾಚಿದರೆ ಬೋಗುಣಿ ಇಲ್ಲ. ಸೊಂಟದಲ್ಲಿ ಹಗ್ಗ ಮಾತ್ರ, ತುದಿ ನೀರಲ್ಲಿ ಹಾವಿನಂತೆ ಆಡುತ್ತಿದೆ. ಸಹಜವಾಗಿ ಕಡಲಿನ ಕಡೆ ನೋಡಿದೆ. ಹೊಳೆ ಹರಿಯುವುದು ಆ ಕಡೆಗೆ ತಾನೇ. ಅಲ್ಲಿ ಏನೂ ಇಲ್ಲ.

"ಭಾವಾ, ಆಚೆ ಅಲ್ಲ, ಈಚೆ!" ಎಂದು ಬ್ಯಾಂಕಿನವರು ದಡದಿಂದ ಕೂಗಿದರು.

ತಿರುಗಿದರೆ ನನ್ನ ಬೋಗುಣಿ ಅರವತ್ತು ಚಿಲ್ಲರೆ ಮರುವಾಯಿ ಹೊತ್ತು, ಸಮುದ್ರಕ್ಕೆ ಬೆನ್ನು ಹಾಕಿ, ಗಂಭೀರವಾಗಿ ಹೊಳೆಯ ಮೇಲಕ್ಕೆ ಹೋಗುತ್ತಿತ್ತು. ನೀರು ತಿರುಗಿತ್ತು. ಮಂಡಿಯ ಕೆಳಗಿದ್ದದ್ದು ಯಾವಾಗಲೋ ತೊಡೆಗೆ ಬಂದಿತ್ತು, ಎಣಿಕೆಯ ಅಮಲಿನಲ್ಲಿ ನನಗೇ ತಿಳಿದಿರಲಿಲ್ಲ. ಹರಿಹರದಲ್ಲಿ ಅಜ್ಜನ ಜೊತೆ ಈಜು ಕಲಿಯಲು ಹೋಗಿ ಸೋತು ಬಂದವನು ನಾನು, ಆದರೆ ನಮ್ಮ ತುಂಗಭದ್ರೆ ಒಂದು ದಿನವೂ ಹಿಂದಕ್ಕೆ ಹರಿದದ್ದನ್ನು ಕಂಡಿಲ್ಲ. ಇಲ್ಲಿ ಒಂದು ಇಡೀ ಹೊಳೆ, ಸದ್ದಿಲ್ಲದೆ, ಬಂದ ದಾರಿಗೇ ವಾಪಸು ಹೊರಟಿತ್ತು. ನಾನು ಬೋಗುಣಿ ಹಿಡಿಯುವುದನ್ನು ಬಿಟ್ಟು ಅದನ್ನೇ ನೋಡುತ್ತಾ ನಿಂತೆ.

"ಎಂತ ಮಾರಾಯ್ರೆ ಬಾಯಿ ಬಿಟ್ಕೊಂಡು ನಿಂತದ್ದು? ಹೋಯ್ತು ಅದು!" ನನ್ನವಳ ಕೂಗು.

ಮೂವತ್ತು ಮಾರು ಮೇಲೆ ಕೂತಿದ್ದ ಒಬ್ಬ ಅಜ್ಜಿ, ತಲೆಯನ್ನೂ ಎತ್ತದೆ, ಮೊಣಕೈಯಿಂದ ಬೋಗುಣಿಯನ್ನು ತಡೆದರು. ನಾನು ನೀರು ಸೀಳಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಅವರ ತಪಾಸಣೆ ಶುರುವಾಗಿತ್ತು. ಎರಡೆರಡು ಮರುವಾಯಿಯನ್ನು ಒಂದಕ್ಕೊಂದು ಕುಟ್ಟಿ ಸದ್ದು ಕೇಳುವುದು, ಬೇರೆ ಸದ್ದು ಬಂದದ್ದನ್ನು ಎಸೆಯುವುದು. ಒಳಗೆ ಬರೀ ಕೆಸರು ತುಂಬಿದ ಸತ್ತ ಚಿಪ್ಪುಗಳಂತೆ ಅವು, ಒಂದು ಸೇರಿದರೂ ಇಡೀ ಪಾತ್ರೆಯ ಸಾರು ರಾಡಿ. ಆಮೇಲೆ ಹೆಬ್ಬೆರಳ ಉಗುರಿಗಿಂತ ಚಿಕ್ಕವನ್ನೆಲ್ಲ ಆರಿಸಿ ಹೊಳೆಗೇ ಹಾಕಿದರು. ನನ್ನ ಅರವತ್ತು ಚಿಲ್ಲರೆ ಐವತ್ತರ ಕೆಳಗೆ ಬಂತು. ಕೊನೆಗೆ ನನ್ನ ಸೊಂಟದ ಹಗ್ಗ ಎಳೆದು ಬೋಗುಣಿಯ ಕಿವಿಗೆ ಎರಡು ಸುತ್ತು ಹಾಕಿ ಬಿಗಿದು, ನನ್ನವಳ ಕಡೆ ತಿರುಗಿ ತುಳುವಿನಲ್ಲಿ ಏನೋ ಅಂದರು. ಸುತ್ತಲಿನ ತಲೆಗಳೆಲ್ಲ ಒಟ್ಟಿಗೆ ನಕ್ಕವು. ನನ್ನವಳು ನಕ್ಕದ್ದು ಎಷ್ಟೆಂದರೆ ನೀರಲ್ಲೇ ಕೂತುಬಿಟ್ಟಳು.

"ಏನಂದ್ರು?"

"ಆಮೇಲೆ ಹೇಳ್ತೇನೆ."

ಕಾರಿನಲ್ಲಿ ಕೇಳಿದೆ, ಹೇಳಲಿಲ್ಲ. ದೊಡ್ಡಮ್ಮನ ಮನೆಯ ಹಿತ್ತಲಲ್ಲಿ ಕಾಲು ತೊಳೆಯುವಾಗ ಕೇಳಿದೆ, ಮತ್ತೆ ನಗು ಬಂದು ಹೇಳಲಾಗಲಿಲ್ಲ.

ಹೆಕ್ಕಿದ್ದನ್ನು ಉಪ್ಪುನೀರಲ್ಲಿ ನೆನೆಹಾಕಬೇಕು. ಆಗ ಮರುವಾಯಿ ಬಾಯಿ ಬಿಟ್ಟು ಹೊಟ್ಟೆಯ ಮರಳನ್ನು ಉಗುಳುತ್ತದೆ. ರಾತ್ರಿಗೆ ಅಡುಗೆ ಮಾಡುವ ಎಂದರು ದೊಡ್ಡಮ್ಮ. ಮಧ್ಯಾಹ್ನಕ್ಕೇ ಆಗಬೇಕೆಂದು ಹಟ ಹಿಡಿದವರು ಇಡೀ ಬೆಳಿಗ್ಗೆ ನೀರು ಮುಟ್ಟದ ಬ್ಯಾಂಕಿನವರು. ಎರಡೇ ಗಂಟೆ ನೆನೆದದ್ದು. ಆಮೇಲೆ ಗಂಡಸರನ್ನು ಸಾಲಾಗಿ ಮೆಟ್ಟುಕತ್ತಿಯ ಮುಂದೆ ಕೂರಿಸಿದರು. ಚಿಪ್ಪಿನ ಸಂದಿಯನ್ನು ಕತ್ತಿಯ ಅಲಗಿಗೆ ಒತ್ತಿದರೆ ಪಿಚಕ್ ಎಂದು ಉಪ್ಪುನೀರು ಕಣ್ಣಿಗೇ ಹಾರುತ್ತದೆ. ಮಾಂಸ ಅಂಟಿದ ಅರ್ಧ ಪಾತ್ರೆಗೆ, ಖಾಲಿ ಅರ್ಧ ತೆಂಗಿನ ಬುಡಕ್ಕೆ. ಹಿಂದೆ ಈ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರೆಂದು ದೊಡ್ಡಮ್ಮ ಹೇಳಿ, ಸೊಂಟದ ಡಬ್ಬಿಯಿಂದ ಪೇಟೆಯ ಸುಣ್ಣ ತೆಗೆದು ಎಲೆಗೆ ಹಚ್ಚಿದರು. ನಾನು ಇಪ್ಪತ್ತು ಬಿಡಿಸುವಷ್ಟರಲ್ಲಿ ಬೆರಳಿಗೆ ಎರಡು ಗಾಯ. ಮೇಷ್ಟ್ರು ಮಾತ್ರ ದೂರ ಕೂತು ತಾವು ಹೆಕ್ಕಿದ್ದು ಇನ್ನೂರ ಹನ್ನೆರಡು ಎಂದು ಮೂರನೇ ಸಲ ಹೇಳಿದರು.

ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ ಹುರಿದ ಘಾಟು ಹಿತ್ತಲ ತನಕ ಬಂದಾಗ ಹೊಟ್ಟೆ ಕೂಗುತ್ತಿತ್ತು. ಕಾಯಿತುರಿ ಧಾರಾಳವಾಗಿ ಹಾಕಿದ ಸುಕ್ಕ, ಜೊತೆಗೆ ಹಬೆಯಾಡುವ ಪುಂಡಿ, ಅಂದರೆ ಅಕ್ಕಿಯ ಉಂಡೆಕಡುಬು. ಮೇಷ್ಟ್ರ ಮನೆಯವರಿಗೆ ಅವರೇ ತಂದ ಕೊಟ್ಟೆ ಕಡುಬು, ಚಟ್ನಿ. ಅದರಲ್ಲಿ ಅರ್ಧ ನಾವೇ ತಿಂದೆವು.

ಮೊದಲ ತುತ್ತಿಗೆ ಬ್ಯಾಂಕಿನವರ ಬಾಯಲ್ಲಿ ಕರಕ್ ಎಂದಿತು. ಎರಡನೇ ತುತ್ತಿಗೆ ನನ್ನದರಲ್ಲಿ. ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಬಡಿಸುವ ಸೌಟು ಹಿಡಿದೇ ಬ್ಯಾಂಕಿನವರನ್ನು ಒಮ್ಮೆ ನೋಡಿದರು. ಅವರು ಮರಳನ್ನೂ ಸೇರಿಸಿ ನುಂಗಿ, "ಭಾರೀ ಲಾಯ್ಕ್ ಆಗಿದೆ ದೊಡ್ಡಮ್ಮ" ಎಂದರು.

ಆಗ ನನ್ನವಳು ನೀರು ಕುಡಿದು ಗಂಟಲು ಸರಿಮಾಡಿಕೊಂಡು ಹೇಳಿದಳು. "ಆ ಅಜ್ಜಿ ಎಂತ ಹೇಳಿದ್ದು ಗೊತ್ತುಂಟಾ? ಬೋಗುಣಿ ಹೋದ್ರೆ ಇನ್ನೊಂದು ತರಬಹುದು, ಮೊದಲು ಈ ಘಟ್ಟದವನ ಸೊಂಟಕ್ಕೆ ಹಗ್ಗ ಹಾಕಿ ನೀನು ಹಿಡ್ಕೊ ಅಂತ."

ಮೇಷ್ಟ್ರ ಹೆಂಡತಿಗೆ ಕಡುಬು ನೆತ್ತಿಗೇರಿತು. ಇದನ್ನು ನಿಯಮಕ್ಕೆ ಸೇರಿಸಲೇಬೇಕೆಂದು ಬ್ಯಾಂಕಿನವರು ಎಡಗೈಯಲ್ಲೇ ಪೆನ್ನು ತೆಗೆದು, ದೊಡ್ಡಮ್ಮನ ಮನೆಯ ಫ್ರಿಜ್ಜಿಗೆ ತಾವೇ ಅಂಟಿಸಿಟ್ಟಿದ್ದ ಹಾಳೆಯ ಕಡೆ ಹೋದರು. ಲ್ಯಾಮಿನೇಶನ್ ಮೇಲೆ ಶಾಯಿ ಹಿಡಿಯಲಿಲ್ಲ.