ಫಟ್ ಅಂತು, ಅಷ್ಟೇ

ನಿನ್ನೆ ರಾತ್ರಿ ಹಳೇ ವಿಡಿಯೋ ಗೇಮ್ ಪೆಟ್ಟಿಗೆಯ ಮಾನಿಟರ್ ಆನ್ ಇಟ್ಟುಕೊಂಡೇ ಚಿತ್ರದ ಅಗಲ ಸರಿ ಮಾಡ್ತಾ ಇದ್ದೆ, ಕಬ್ಬಿಣದ ಸ್ಕ್ರೂಡ್ರೈವರ್ ಜಾರಿ ಟ್ರಾನ್ಸಿಸ್ಟರಿನ ಎರಡು ಕಾಲಿಗೆ ತಾಗಿತು. ಫಟ್. ಕತ್ತಲೆ, ಸುಟ್ಟ ವಾಸನೆ. ಪ್ಲಾಸ್ಟಿಕ್ಕಿಂದು ಪಕ್ಕದಲ್ಲೇ ಬಿದ್ದಿತ್ತು, ಎಂಥಾ ಮೂರ್ಖ ನಾನು.

ಬೆಳಿಗ್ಗೆ ಮೊದಲು ಪಿಕ್ಚರ್ ಟ್ಯೂಬ್ ಡಿಸ್ಚಾರ್ಜ್ ಮಾಡಿದೆ. ಪ್ಲಗ್ ಕಿತ್ತರೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಅದಕ್ಕೇ ಚಾಸಿಗೆ, ಅಂದ್ರೆ ಮಾನಿಟರಿನ ಲೋಹದ ಚೌಕಟ್ಟಿಗೆ, ವೈರ್ ಕಟ್ಟಿದ ಸ್ಕ್ರೂಡ್ರೈವರನ್ನು ರಬ್ಬರ್ ಕ್ಯಾಪ್ ಅಡಿಗೆ ತೂರಿಸುವಾಗ ಇನ್ನೊಂದು ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಫ್ಯೂಸ್ ಕರ್ರಗಾಗಿತ್ತು. ಬರೀ ಫ್ಯೂಸ್ ಬದಲಿಸಿದರೆ ಅದೂ ಹೋಗುತ್ತೆ, ಅಲ್ವಾ? ಮೀಟರ್ ಹಚ್ಚಿದೆ. ಸ್ಕ್ರೂಡ್ರೈವರ್ ತಾಗಿದ್ದ ಆ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಪೂರಾ ಶಾರ್ಟ್, ಬೀಪ್ ನಿಲ್ಲಲೇ ಇಲ್ಲ. ನವನಗರದ ಟಿವಿ ರಿಪೇರಿ ಕಾಕಾ ಡಬ್ಬಿ ತಡಕಾಡಿ ಒಂದು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. "ಸೀರೀಸ್ ಬಲ್ಬ್ ಹಾಕದ ಚಾಲೂ ಮಾಡಬ್ಯಾಡ ತಮ್ಮಾ" ಅಂದರು.

ಕರೆಂಟ್ ಬಲ್ಬ್ ದಾಟಿಯೇ ಮಾನಿಟರಿಗೆ ಹೋಗುವ ಹಾಗೆ 100 ವ್ಯಾಟ್ ಬಲ್ಬ್ ಸೀರೀಸಿನಲ್ಲಿ ಹಾಕಿ ಸ್ವಿಚ್ ಒತ್ತಿದೆ. ಶಾರ್ಟ್ ಇನ್ನೂ ಇದ್ದರೆ ಬಲ್ಬ್ ಜೋರಾಗಿ ಉರೀತಾನೇ ಇರುತ್ತೆ, ಹೊಸ ಟ್ರಾನ್ಸಿಸ್ಟರ್ ಉಳಿಯುತ್ತೆ. ಬಲ್ಬ್ ಒಮ್ಮೆ ಭಗ್ ಅಂತ ಉರಿದು ಮಂಕಾಯಿತು, ಟ್ಯೂಬಿನ ಕುತ್ತಿಗೆಯಲ್ಲಿ ಸಣ್ಣ ಕಿತ್ತಳೆ ಬೆಳಕು. ಅಬ್ಬಾ.

ಈ ಪೆಟ್ಟಿಗೆ ಹಳೇ ಬಾಗಲಕೋಟೆಯ ಒಂದು ಅಂಗಡಿಯದು. ಮನೆಯಲ್ಲಿ ಸುಳ್ಳು ಹೇಳಿ, ಒಂದು ರೂಪಾಯಿ ಮುಷ್ಟಿಯಲ್ಲಿ ಹಿಡಿದು ಓಡುತ್ತಿದ್ದ ಆ ಓಣಿ ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ನೀರಿನಿಂದ ತಪ್ಪಿಸಿಕೊಂಡು ಬಂದಿದ್ದು ನಿನ್ನೆ ನನ್ನ ಕೈಯಲ್ಲಿ ಸಾಯುತ್ತಿತ್ತು ನೋಡಿ. ಎಡ ಮೂಲೆಯಲ್ಲಿ ಇನ್ನೂ ಬಣ್ಣ ನೇರಳೆಯಾಗಿ ಕಾಣ್ತಿದೆ, ಟ್ಯೂಬಿಗೆ ಹತ್ತಿದ ಅಯಸ್ಕಾಂತ ಗುಣ ತೆಗೆಯುವ ಡಿಗಾಸ್ ಕಾಯಿಲ್ ನೋಡಬೇಕು. ನಾಳೆ, ಪ್ಲಗ್ ಕಿತ್ತು.