ಫಿಲ್ಟರಿನ ಬ್ಯಾಕ್ಟೀರಿಯಾ ಆಮ್ಲಜನಕ ಕೊಡುತ್ತವೆಯೇ?

ಅಕ್ವೇರಿಯಂ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: “ಫಿಲ್ಟರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿವೆ, ಅವು ನೀರಿಗೆ ಆಮ್ಲಜನಕವನ್ನೂ ಕೊಡುತ್ತವಲ್ಲ, ಮತ್ತೆ ಏರ್ ಪಂಪ್ ಯಾಕೆ?” ಅವು ಕೊಡುವುದಿಲ್ಲ, ತೆಗೆದುಕೊಳ್ಳುತ್ತವೆ. ಫಿಲ್ಟರು ಹೆಚ್ಚು ಕೆಲಸ ಮಾಡಿದಷ್ಟೂ ಆಮ್ಲಜನಕದ ಖರ್ಚು ಏರುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಉಸಿರಾಡುವವರನ್ನು ಎಣಿಸುವಾಗ ಮೀನುಗಳ ಜೊತೆಗೆ ಫಿಲ್ಟರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೀನುಗಳು ಮುಖ್ಯವಾಗಿ ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯಾವನ್ನು ನೈಟ್ರೋಸೋಮೋನಾಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಆ ನೈಟ್ರೈಟನ್ನು ನೈಟ್ರೋಸ್ಪೈರಾದಂಥವು ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ಎರಡು ಹಂತಗಳಿಗೂ ಆಮ್ಲಜನಕ ಬೇಕೇ ಬೇಕು. ಅಮೋನಿಯಾ ರೂಪದಲ್ಲಿರುವ 1 ಗ್ರಾಂ ಸಾರಜನಕವು ನೈಟ್ರೇಟ್ ಆಗಲು, ರಾಸಾಯನಿಕ ಸಮೀಕರಣದ ಪ್ರಕಾರ, 4.57 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ, ಅದರಲ್ಲಿ 3.43 ಗ್ರಾಂ ಮೊದಲ ಹಂತದ ಪಾಲು. ಸುಮಾರು 35 ಶೇಕಡಾ ಪ್ರೋಟೀನ್ ಇರುವ 10 ಗ್ರಾಂ ಮೀನಿನ ಆಹಾರದಿಂದ ಅಂದಾಜು 0.3 ಗ್ರಾಂ ಅಮೋನಿಯಾ ಸಾರಜನಕ ಹೊರಬರುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ನೈಟ್ರೇಟ್ ಮಾಡಲು ಸುಮಾರು 1.4 ಗ್ರಾಂ ಆಮ್ಲಜನಕ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಹಿಡಿದಿಟ್ಟುಕೊಳ್ಳುವುದು 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಂದರೆ ಆ ಆಹಾರದ ಅಮೋನಿಯಾ ಒಂದಕ್ಕೇ ಸುಮಾರು 170 ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲ ಬೇಕಾಯಿತು. ಮೀನುಗಳ ಉಸಿರಾಟ ಇದರಲ್ಲಿ ಸೇರಿಲ್ಲ. ತೊಟ್ಟಿ ಕೆಡದೆ ಉಳಿಯುವುದು ನೀರಿನ ಮೇಲ್ಮೈಯಿಂದ ಹೊಸ ಆಮ್ಲಜನಕ ಇಳಿಯುತ್ತಲೇ ಇರುವುದರಿಂದ. ಏರ್ ಪಂಪಿನ ಗುಳ್ಳೆಗಳ ಮುಖ್ಯ ಉಪಕಾರವೂ ಅದೇ: ಅವು ನೀರನ್ನು ಮೇಲಕ್ಕೆತ್ತಿ ಮೇಲ್ಮೈಯನ್ನು ಕಲಕುತ್ತವೆ.

ಅಮೋನಿಯಾ ತಿನ್ನುವ ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಒಂಟಿಯಾಗಿಯೂ ಇರುವುದಿಲ್ಲ. ಸ್ಪಾಂಜಿನಲ್ಲಿ ಸಿಕ್ಕಿಕೊಂಡ ಹಿಕ್ಕೆ, ಉಳಿದ ಆಹಾರ, ಕೊಳೆತ ಎಲೆಗಳನ್ನು ತಿಂದು ಬದುಕುವ ಬೇರೆ ಬ್ಯಾಕ್ಟೀರಿಯಾ ಇವುಗಳಿಗಿಂತ ಬಹಳ ವೇಗವಾಗಿ ಹೆಚ್ಚುತ್ತವೆ, ಅದೇ ಆಮ್ಲಜನಕಕ್ಕೆ ಪೈಪೋಟಿ ನಡೆಸುತ್ತವೆ. ಮೀಡಿಯಾದ, ಅಂದರೆ ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯಲೆಂದು ಫಿಲ್ಟರಿನೊಳಗೆ ಇಡುವ ಸ್ಪಾಂಜಿನಂಥ ವಸ್ತುಗಳ, ಮೇಲಿನ ಲೋಳೆಪದರದಲ್ಲಿ ಆಮ್ಲಜನಕ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕೆಲವೇ ಹತ್ತನೇ ಭಾಗದಷ್ಟು ಆಳದಲ್ಲಿ ಮುಗಿದುಹೋಗುವುದರಿಂದ, ಪದರ ದಪ್ಪವಾದಷ್ಟೂ ಫಿಲ್ಟರು ಬಲವಾಯಿತೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಕೆಸರು ತುಂಬಿದ ಸ್ಪಾಂಜನ್ನು “ಬ್ಯಾಕ್ಟೀರಿಯಾ ಸತ್ತಾವು” ಎಂದು ತಿಂಗಳುಗಟ್ಟಲೆ ಮುಟ್ಟದಿರುವ ಭಕ್ತಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಹಾಗಾದರೆ ಆಮ್ಲಜನಕ ತಯಾರಿಸುವ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲವೇ? ಇವೆ. ಜಲ್ಲಿಕಲ್ಲಿನ ಮೇಲೆ ನೀಲಿಹಸಿರು ಹಾಳೆಯಂತೆ ಹರಡುವ ಸಯನೋಬ್ಯಾಕ್ಟೀರಿಯಾ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಬಿಡುತ್ತವೆ, ಆದರೆ ಅವಕ್ಕೆ ಬೆಳಕು ಬೇಕು. ಫಿಲ್ಟರಿನ ಒಳಗೆ ಕತ್ತಲೆ. ನೈಟ್ರೇಟಿನಲ್ಲಿ ಆಮ್ಲಜನಕದ ಪರಮಾಣುಗಳಿವೆಯಲ್ಲ, ಅದನ್ನು ಒಡೆಯುವ ಬ್ಯಾಕ್ಟೀರಿಯಾ ಆಮ್ಲಜನಕ ಬಿಡುಗಡೆ ಮಾಡಬೇಕಲ್ಲವೇ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ಜಾಣತನದ್ದೇ. ಆದರೆ ಅವು ಆಮ್ಲಜನಕವಿಲ್ಲದ ಜಾಗದಲ್ಲಿ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಆ ಪರಮಾಣುಗಳು ಕೊನೆಗೆ ನೀರಿನ ಅಣುಗಳಲ್ಲಿ ಸೇರಿ, ಹೊರಗೆ ಬರುವ ಅನಿಲ ಸಾರಜನಕವಾಗಿರುತ್ತದೆ.

ಒಂದು ಸ್ವಾರಸ್ಯಕರ ಅಪವಾದವಿದೆ. 2005ರಲ್ಲಿ ಸಿಯಾಟಲ್ ಅಕ್ವೇರಿಯಂನ ಸಮುದ್ರನೀರಿನ ತೊಟ್ಟಿಯೊಂದರ ಜಲ್ಲಿಯಿಂದ ಬೇರ್ಪಡಿಸಿದ್ದಾಗಿ ವರದಿಯಾದ ನೈಟ್ರೋಸೋಪ್ಯೂಮಿಲಸ್ ಮ್ಯಾರಿಟಿಮಸ್ ಎಂಬ ಜೀವಿಯೂ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ; ಇದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಏಕಕೋಶ ಜೀವಿಗಳ ಗುಂಪಿನದು. ಸುತ್ತಲಿನ ಆಮ್ಲಜನಕ ಮುಗಿದಾಗ ಇದು ಕತ್ತಲೆಯಲ್ಲೇ ಅತ್ಯಲ್ಪ ಪ್ರಮಾಣದ ಆಮ್ಲಜನಕವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದರೆ ಅದರಲ್ಲಿ ಬಹುಪಾಲು ಆ ಜೀವಿಯ ಸ್ವಂತ ಬಳಕೆಗೇ ಹೋಗುತ್ತದೆ. ಮೀನಿನ ಕಿವಿರಿಗೆ ಒದಗುವಷ್ಟು ಉಳಿಯುವುದಿಲ್ಲ.

ಫಿಲ್ಟರು ಆಮ್ಲಜನಕದ ಗ್ರಾಹಕ ಎಂಬುದು ಸ್ಪಷ್ಟವಾಗಿ ಕಾಣುವುದು ವಿದ್ಯುತ್ ಹೋದಾಗ. ತೊಟ್ಟಿಯ ಹೊರಗಿಟ್ಟು ಕೊಳವೆಗಳಿಂದ ಜೋಡಿಸುವ ಮುಚ್ಚಿದ ಡಬ್ಬಿಯಂಥ ಫಿಲ್ಟರಿನಲ್ಲಿ (ಕ್ಯಾನಿಸ್ಟರ್) ನೀರಿನ ಹರಿವು ನಿಂತರೆ ಒಳಗಿನ ಆಮ್ಲಜನಕ ಬೇಗ ಖಾಲಿಯಾಗುತ್ತದೆ, ಕೊಳೆಯುವಿಕೆ ಮುಂದುವರಿಯುತ್ತದೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತದೆ. ಹಲವು ಗಂಟೆ ನಿಂತಿದ್ದ ಅಂಥ ಫಿಲ್ಟರನ್ನು ಹಾಗೆಯೇ ಚಾಲೂ ಮಾಡಿದರೆ ಆ ಕೆಟ್ಟ ನೀರೆಲ್ಲ ತೊಟ್ಟಿಗೆ ಬಂದು ಬೀಳುತ್ತದೆ. ಮೊದಲು ಅದರೊಳಗಿನ ನೀರನ್ನು ಚೆಲ್ಲಿ, ಮೀಡಿಯಾವನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಜಾಲಿಸಿ, ಆಮೇಲೆ ಜೋಡಿಸಬೇಕು; ಮುಂದಿನ ಕೆಲವು ದಿನ ಆಹಾರ ಕಡಿಮೆ ಹಾಕಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡುತ್ತಿರಬೇಕು. ವಿದ್ಯುತ್ ಪದೇ ಪದೇ ಹೋಗುವ ಕಡೆ ಬ್ಯಾಟರಿಯಿಂದ ನಡೆಯುವ ಏರ್ ಪಂಪಿಗೆ ಜೋಡಿಸಿದ ಸ್ಪಾಂಜ್ ಫಿಲ್ಟರನ್ನು ತೊಟ್ಟಿಯೊಳಗೆ ಜೊತೆಗಿಟ್ಟುಕೊಳ್ಳುವುದು ಲೇಸು.